ಅಂಟಿಸಿದ ಕಣ್ಣೀರು

"ಮೊದ್ಲ ಆ ಅಳೋದು ತೆಗೀರಿ, ಚಾಚಾ!" ಎನ್ನುತ್ತಲೇ ಕೊಹಿನೂರು ಹಳ್ಳಿಯ ಜ್ಞಾನೇಶ್ವರ ಬಸವಕಲ್ಯಾಣದ ವಿಡಿಯೋ ಅಂಗಡಿಯ ಮೆಟ್ಟಿಲು ಹತ್ತಿದ.

ಅಂಗಡಿಯ ಮೊಹಿನುದ್ದೀನ್ ಒಂದು ಕಾಲಕ್ಕೆ ಹುಮನಾಬಾದಿನ ಟೆಂಟ್ ಟಾಕೀಸಿನಲ್ಲಿ ರೀಲು ಓಡಿಸುತ್ತಿದ್ದವನು. ಹರಿದ ರೀಲುಗಳನ್ನು ಅಂಟಿಸಿ ಅಂಟಿಸಿಯೇ ಅವನ ಕೈ ಪಳಗಿತ್ತು. ಈಗ ಮದುವೆ ವಿಡಿಯೋ ಜೋಡಿಸುತ್ತಾನೆ.

ಜ್ಞಾನೇಶ್ವರನ ಮಗಳು ಪೂನಂ ಹುಡುಗನನ್ನು ತಾನೇ ಆರಿಸಿಕೊಂಡಿದ್ದಳು. ಅಪ್ಪ ಮದುವೆ ಮಾಡಿಕೊಟ್ಟ, ಮಾತು ಮಾತ್ರ ಬಿಟ್ಟ. ಎರಡು ತಿಂಗಳಾಗಿತ್ತು. ಮೊಹಿನುದ್ದೀನ್ ಜೋಡಿಸಿಕೊಟ್ಟ ವಿಡಿಯೋದಲ್ಲಿ ಅವಳು ಗಂಡನ ಮನೆಗೆ ಹೊರಟು ಜೀಪು ಹತ್ತುತ್ತಾಳೆ. ಮರುಕ್ಷಣವೇ ಪರದೆ ತುಂಬ ಅಪ್ಪನ ಮುಖ, ಕಣ್ತುಂಬ ನೀರು. ಅದನ್ನು ನೋಡಿ ನಿನ್ನೆ ಅವಳೇ ಫೋನು ಮಾಡಿದ್ದಳು.

"'ಅಪ್ಪಾ, ನನ್ನ ಸಲುವಾಗಿ ಅತ್ತಿದ್ದಿ' ಅಂದ್ಳು. ರವಿವಾರ ಬರ್ತಾಳಂತ. ಆ ಕಣ್ಣೀರು ಒಲಿ ಹೊಗಿಂದು ಚಾಚಾ! ಮುಂಜಾನೆ ಅಡಗಿ ಮಾಡೋ ಕಡಿ ಕ್ಯಾಮೆರಾದಾಗ ಹಿಡಿದದ್ದು. ಹೊಗಿ ತೋರ್ಸಿ ಮಗಳನ್ನ ಮನಿಗಿ ಕರ್ಕೊಳ್ಳಲೇನು?"

ಮೊಹಿನುದ್ದೀನನಿಗೆ ನಾಚಿಕೆಯೇನೂ ಆಗಲಿಲ್ಲ.

"ಮೊದ್ಲ ಮೊದ್ಲ ಸಿನಿಮಾದಾಗ ಕ್ಯಾಮೆರಾ ಒಂದೇ ಜಾಗಾದಾಗ ನಿಂತಿರ್ತಿತ್ತು, ನಾಟಕ ನೋಡ್ದಾಂಗ. ಆಮ್ಯಾಲ ಯಾರೋ ಅದನ್ನ ಮಾರಿ ಹತ್ರ ಒಯ್ದರು, ರೀಲಿಗಿ ಕತ್ರಿ ಹಚ್ಚಿದ್ರು. ಇಲ್ಲಿಂದು ಜೀಪು, ಅಲ್ಲಿಂದು ಕಣ್ಣೀರು. ಎರಡೂ ಜೋಡ್ಸಿದ್ರ ನಡುವಿನ ಕತಿ ನೋಡೋರೇ ಕಟ್ಕೋತಾರ. ನಾ ಸುಳ್ಳ ಹೇಳಿಲ್ಲಪ್ಪ, ಅಂಟಿಸೀನಿ ಅಷ್ಟ."

"ಅಂಟಿಸಿದ್ದು ನಂಗ ಬ್ಯಾಡ್ರಿ. ಆಕಿ ಹೋಗೋ ಮುಂದ ನಾ ಹ್ಯಾಂಗ ಇದ್ದೆ, ಹಾಂಗ ತೋರ್ಸ್ರಿ."

ಮೊಹಿನುದ್ದೀನ್ ಗೊಣಗುತ್ತಲೇ ಕತ್ತರಿಸದ ವಿಡಿಯೋ ತೆಗೆದ. ಜೀಪು, ಅದರ ಸುತ್ತ ಮುತ್ತಿದ ಜನ. ದೂರದಲ್ಲಿ, ಮಂಟಪದ ಕಂಬದ ಬಳಿ, ಬೆನ್ನು ತಿರುಗಿಸಿ ನಿಂತ ಬಿಳಿ ಅಂಗಿಯ ಒಬ್ಬ. ಜೀಪು ಹೊರಟು ಧೂಳು ಅಡಗಿದರೂ ಅವನು ತಿರುಗಲಿಲ್ಲ. ಒಂದು ಕೈ ಕಂಬವನ್ನು ಬಿಗಿಯಾಗಿ ಹಿಡಿದಿತ್ತು.

"ನೋಡು, ಬರೇ ನಿನ್ನ ಬೆನ್ನು! ಇದರಾಗ ಏನು ಕತಿ ಅದ? ಇದನ್ನ ನೋಡಿ ಯಾರಿಗಿ ಏನು ತಿಳೀತದ?"

ಜ್ಞಾನೇಶ್ವರ ಅದನ್ನು ಎರಡು ಸಲ ಹಾಕಿಸಿ ನೋಡಿದ.

"ಆ ಅಳೋ ಮಾರಿ ತೆಗೆದು ಇದನ್ನ ಹಚ್ರಿ," ಎಂದ. "ಹತ್ತು ವರ್ಷ ನನ್ನ ಸೈಕಲ್ ಹಿಂದ ಕುಂತು ಸಾಲಿಗಿ ಹೋಗ್ಯಾಳ. ಆಕಿಗಿ ತಿಳೀತದ."