ತವರಿಗೆ ಬಂದ ಕಥೆ

ಇಸ್ತ್ರಿಪೆಟ್ಟಿಗೆಯ ಕೆಳಗಿನಿಂದ ಸೀದ ವಾಸನೆ ಬಂದಾಗ ಮೇಷ್ಟ್ರು ಗಾಬರಿಯಿಂದ ಅದನ್ನು ಎತ್ತಿದರು. ಪತ್ರಿಕೆಯವರು ಅಂದು ಹಿಂದಿರುಗಿಸಿದ್ದ ಕಥೆಯ ಮೊದಲ ಹಾಳೆ, ನಡುವೆ ಅಂಗೈಯಗಲ ಸುಟ್ಟು ಕಪ್ಪಾಗಿತ್ತು.

ಲಕೋಟೆ ಕೊಟ್ಟು ಬಾಗಿಲಲ್ಲಿ ನೀರು ಕುಡಿಯುತ್ತಿದ್ದ ಅಂಚೆಯವನು ಇಣುಕಿದ. "ಏನ್ ಮೇಷ್ಟ್ರೇ, ಅವರು ಬೇಡ ಅಂದಿದ್ದಕ್ಕೆ ಸುಟ್ಟೇ ಬಿಟ್ರಾ?"

"ಇಲ್ಲಪ್ಪ, ಮಡಿಕೆ ತೆಗೀತಿದ್ದೆ. ಬೇರೆ ಪತ್ರಿಕೆಗೆ ಕಳಿಸಬೇಕಲ್ಲ. ಇದೆಲ್ಲ ನಮ್ಮನೆಯವಳು ಮಾಡ್ತಿದ್ದ ಕೆಲಸ."

ಅಂಚೆಯವನು ಲೋಟ ಕೆಳಗಿಟ್ಟು ಹೊರಟುಹೋದ. ಮನೆ ಮತ್ತೆ ಬಿಕೋ ಎಂದಿತು. ಕಥೆ ಹಿಂದಕ್ಕೆ ಬಂದಾಗಲೆಲ್ಲ ಹೆಂಡತಿ, "ಮಗಳು ತವರಿಗೆ ಬಂದಿದ್ದಾಳೆ ಅಷ್ಟೇ ಕಣ್ರೀ. ಮುದುಡಿದ ಬಟ್ಟೇಲಿ ಗಂಡನ ಮನೆಗೆ ಕಳಿಸೋಕಾಗುತ್ತಾ?" ಎಂದು ನಗುತ್ತ ಹಾಳೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಮೇಲೊಂದು ತೆಳುಬಟ್ಟೆ ಹಾಸಿಕೊಳ್ಳುತ್ತಿದ್ದಳು ಎಂಬುದು ಮೇಷ್ಟ್ರಿಗೆ ಈಗ ನೆನಪಾಯಿತು. ಅವಳು ಕೇಳಿಸಿಕೊಂಡಿದ್ದ ಕೊನೆಯ ಕಥೆ ಇದು. ದೇವರು ಅವಳನ್ನು ಕರೆದುಕೊಂಡ ಮೇಲೆ ಅವರು ಒಂದಕ್ಷರವನ್ನೂ ಬರೆದಿರಲಿಲ್ಲ. ಬರೆದರೆ ಓದಿ ಹೇಳುವುದು ಯಾರಿಗೆ?

ಸುಟ್ಟ ಹಾಳೆಯನ್ನು ಯಾರಿಗೂ ಕಳಿಸುವಂತಿರಲಿಲ್ಲ. ಬರೀ ನಕಲು ತಾನೇ ಎಂದು ತಮಗೆ ತಾವೇ ಧೈರ್ಯ ಹೇಳಿಕೊಂಡು, ದೇವರನ್ನು ನೆನೆದು, ಹೊಸ ಹಾಳೆ ತೆಗೆದು ಕೂತರು. ಮೊದಲ ಸಾಲುಗಳು ಇದ್ದದ್ದು ಇದ್ದ ಹಾಗೆಯೇ ಇಳಿದವು. ಆಮೇಲೆ, ಹಳೆಯ ಹಾಳೆಯಲ್ಲಿ ಎಲ್ಲಿಯೂ ಇಲ್ಲದ ಮಾತೊಂದು ಪೆನ್ನಿನ ತುದಿಗೆ ಬಂದು ನಿಂತಿತು. ಮೇಷ್ಟ್ರು ತಡೆಯಲಿಲ್ಲ, ಬರೆದರು.