ಎತ್ತಿದ ಕೈಗಳು

ಕಾರ್ಮಾಕ್ ಫ್ರೀ ಕಿಕ್‌ಗೆಂದು ಚೆಂಡನ್ನು ನೆಲದ ಮೇಲಿಟ್ಟ. ಗೇಲಿಕ್ ಫುಟ್‌ಬಾಲಿನ ಕೌಂಟಿ ಸೆಮಿಫೈನಲ್ ಮುಗಿಯುತ್ತಿತ್ತು, ಅಂಕಗಳು ಸಮವಾಗಿದ್ದವು. ಈ ಚೆಂಡು ಕಂಬಗಳ ನಡುವೆ ಹೋದರೆ ಊರಿಗೆ ಫೈನಲ್. ಗೋಲಿನ ಹಿಂದೆ ನಿಂತಿದ್ದ ಅವನ ತಾಯಿ ಊನಾ ಮಾತ್ರ ಕಂಬದ ಬಳಿಯಿದ್ದ ಬಿಳಿ ಕೋಟಿನ ಅಂಪೈರ್ ಫಿಂಟನ್‌ನನ್ನೇ ನೋಡುತ್ತಿದ್ದಳು. ಫಿಂಟನ್‌ನ ತಂಗಿಯನ್ನು ಮದುವೆ ಮಾಡಿ ಕೊಟ್ಟಿದ್ದು ಎದುರಾಳಿಗಳ ಊರಿಗೆ.

"ಏನೋ ಫಿಂಟನ್, ಭಾವನ ಮನೆ ಊಟದ ಋಣ ಇವತ್ತೇ ತೀರಿಸ್ತೀಯಾ?" ಪಕ್ಕದ ಮನೆಯ ಪೀಡರ್ ಕೂಗಿದ.

"ನಮ್ಮ ಕಣ್ಣೂ ಇಲ್ಲೇ ಇದೆ ಕಣಪ್ಪಾ!" ಊನಾಳೂ ದನಿಗೂಡಿಸಿದಳು. ಫಿಂಟನ್‌ನ ಕಿವಿ ಕೆಂಪಾಯಿತು.

ಚೆಂಡು ಊನಾಳ ಕಣ್ಣೆದುರೇ ಕಂಬದ ಹೊರಗಿನಿಂದ ಹಾದುಹೋಯಿತು. ಗುರಿ ತಪ್ಪಿತೆಂದು ತೋರಿಸಲು ಫಿಂಟನ್‌ನ ತೋಳುಗಳು ತಲೆಯ ಮೇಲೆ ಅಡ್ಡವಾಗಲು ಎದ್ದವು, ಅರ್ಧಕ್ಕೇ ನಿಂತವು. ಅವನು ಒಮ್ಮೆ ಜನರತ್ತ ನೋಡಿದ. ಆಮೇಲೆ ಬಗ್ಗಿ, ಅಂಕ ಸಿಕ್ಕಿತೆಂದು ಬಿಳಿ ಬಾವುಟ ಎತ್ತಿದ.

"ಅಯ್ಯೋ, ಚಿನ್ನದಂಥ ಮನುಷ್ಯ ಕಣಕ್ಕಾ!" ಪೀಡರ್ ಕುಣಿದಾಡಿದ. "ನಾವೇ ಸುಮ್ಮಸುಮ್ನೆ ಅನುಮಾನಪಟ್ವಿ."

ಫಿಂಟನ್ ತಿರುಗಿ ಊನಾಳನ್ನು ನೋಡಿದ. ಚಪ್ಪಾಳೆಗೆಂದು ಎದ್ದಿದ್ದ ಅವಳ ಕೈಗಳು ಅರ್ಧಕ್ಕೇ ನಿಂತವು.