ಅವ್ವನ ಓಣಿ

"ಆ ಕಡೆ ಬೇಡ. ಬರೀ ಚರಂಡಿ," ಎಂದಳು ಜ್ಯೋತಿಲಕ್ಷ್ಮಿ.

ಇಂಗ್ರಿಡ್ ನಿಂತಳು. ಬೆಳಗಿನಿಂದ ಮೊಳಕಾಲ್ಮೂರಿನ ಓಣಿ ಓಣಿ ಸುತ್ತಿದ್ದಾಗಿತ್ತು. ಗುಡ್ಡದ ಬುಡದ ಈ ಓಣಿಯ ಬಾಯಿಗೆ ಬಂದಾಗಲೆಲ್ಲ ದುಭಾಷಿ ಹೆಂಗಸು ಒಂದು ನೆಪ ತೆಗೆಯುತ್ತಿದ್ದಳು. ಮೊದಲು ನಾಯಿಗಳ ಕಾಟ ಎಂದಳು. ಆಮೇಲೆ ಮುಂದೆ ದಾರಿ ಇಲ್ಲ ಎಂದಳು. ಈಗ ಚರಂಡಿ.

ಪರದೇಶದ ಊರುಗಳ ಹಿಂದಿನ ಓಣಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತುವುದು ಇಂಗ್ರಿಡ್‌ಳ ಹಳೆಯ ಹುಚ್ಚು. ಲಿಸ್ಬನ್, ಇಸ್ತಾಂಬುಲ್, ಎಲ್ಲಿ ಹೋದರೂ ದೊಡ್ಡ ರಸ್ತೆ ಬಿಟ್ಟು ಸಂದಿಗೆ ನುಗ್ಗುವವಳು. ಇದೂ ಅವಳಿಗೆ ಪರದೇಶದ ಊರೇ. ಆದರೆ ಇಲ್ಲಿ ಮಾತ್ರ ಜನ ಅವಳನ್ನು ನೋಡಿ ತಮ್ಮವಳೆಂದೇ ಮಾತಿಗಿಳಿಯುತ್ತಿದ್ದರು. ಎಣ್ಣೆಗಪ್ಪು ಮೈ, ಅಗಲ ಹಣೆ. ಅವಳು ಬಾಯಿ ಬಿಟ್ಟು ಇಂಗ್ಲಿಷ್ ಮಾತಾಡಿದರೆ ಎದುರಿನವರು ಕಕ್ಕಾಬಿಕ್ಕಿ.

ನಾಲ್ಕು ವರ್ಷದ ಮಗುವಾಗಿದ್ದಾಗ ಡೆನ್ಮಾರ್ಕಿನ ದಂಪತಿಗೆ ದತ್ತು ಹೋದವಳು ಅವಳು. ನೆನಪಿನಲ್ಲಿ ಉಳಿದದ್ದು ಎರಡೇ: ಮಗ್ಗದ ಸದ್ದು, ಮತ್ತು "ಅವ್ವ" ಎಂಬ ಮಾತು. ಅವ್ವ ಎಂದರೆ ತಾಯಿ ಎಂದು ಬೆಂಗಳೂರಿನಲ್ಲಿ ಯಾರೋ ಹೇಳಿದ್ದರು. ಜ್ಯೋತಿಲಕ್ಷ್ಮಿಯೂ ಹೌದೆಂದಿದ್ದಳು. ಆ ತಾಯಿಯನ್ನು ಒಮ್ಮೆ ನೋಡಬೇಕು. ನಾಳೆ ವಿಮಾನ ಹತ್ತಬೇಕು.

ಜ್ಯೋತಿಲಕ್ಷ್ಮಿ ಚಳ್ಳಕೆರೆಯ ಹೈಸ್ಕೂಲ್ ಟೀಚರ್, ಎಣ್ಣೆ ಮಿಲ್ಲಿನ ಮನೆಯ ಸೊಸೆ. ಹುಡುಗಿಯೊಬ್ಬಳು ಮಗ್ಗದ ಮನೆ ಹುಡುಕಿಕೊಂಡು ವಿದೇಶದಿಂದ ಬಂದಿದ್ದಾಳೆಂದು ಕೇಳಿ, ಯಾರೂ ಕರೆಯದೆ ಅಲ್ಲಿನ ಲಾಡ್ಜಿಗೆ ತಾನಾಗಿ ಬಂದಿದ್ದಳು. ಇಂಗ್ಲಿಷೂ ಬರುತ್ತೆ, ತೆಲುಗೂ ಬರುತ್ತೆ, ನಾನಿರ್ತೀನಿ ಎಂದಳು. ಬಸ್ಸಿನಲ್ಲಿ ಕಂಡಕ್ಟರ್ "ಅಕ್ಕ, ಒಳಗೆ ಹೋಗ್ರಿ" ಎಂದದ್ದನ್ನು ಕೇಳಿ ಇಂಗ್ರಿಡ್ ಕೂಡ ಅಕ್ಕ ಎನ್ನತೊಡಗಿದ್ದಳು. ಬಸ್ಸು ತಳಕು ಊರು ದಾಟುವಷ್ಟರಲ್ಲಿ ಅದು ನಾಲಿಗೆಗೆ ಕೂತುಬಿಟ್ಟಿತ್ತು.

ಇಷ್ಟು ಒಳ್ಳೆಯ ಹೆಂಗಸಿಗೆ ಈ ಓಣಿ ಕಂಡರೆ ಯಾಕೆ ಆಗದು? ಮಿಲ್ಲಿನ ಮನೆಯವರ ಬಿಗುಮಾನ ಇರಬೇಕು. ಸೀರೆ ಅಂಚಿಗೆ ಕೊಚ್ಚೆ ತಾಗೀತೆಂಬ ಭಯ.

ಓಣಿಯೊಳಗಿಂದ ಮಗ್ಗದ ಸದ್ದು ಬಂತು. ಇಂಗ್ರಿಡ್ ಯಾರನ್ನೂ ಕೇಳಲಿಲ್ಲ, ನಡೆದೇಬಿಟ್ಟಳು. ಜ್ಯೋತಿಲಕ್ಷ್ಮಿ ಸೆರಗನ್ನು ತಲೆ ತುಂಬ ಹೊದ್ದು ಹಿಂದೆ ಬಂದಳು. ಬಿಸಿಲು ಜೋರಾಗಿಯೇ ಇತ್ತು.

ಓಣಿಯ ನಡುವೆ ಒಂದು ಮನೆಗೆ ಬೀಗ ಬಿದ್ದಿತ್ತು. ಪಕ್ಕದ ಜಗುಲಿಯಲ್ಲಿ ಎರ್ರಮ್ಮ ಎಂಬ ಮುದುಕಿ ರೇಷ್ಮೆ ನೂಲಿನ ಸಿಕ್ಕು ಬಿಡಿಸುತ್ತಾ ಕೂತಿದ್ದಳು. ಇಂಗ್ರಿಡ್‌ಳನ್ನು ಕಂಡವಳೇ ನೂಲು ಬಿಟ್ಟಳು. ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಬೀಗದ ಮನೆಯತ್ತ ಕೈ ತೋರಿಸಿದಳು. ಅನಾಥಾಶ್ರಮಕ್ಕೆ ಕೊಟ್ಟ ಕೂಸು ಇದೇ, ಈ ಹಣೆ ಆ ಮನೆಯವರದೇ, ಎಂದಳು ತೆಲುಗಿನಲ್ಲಿ.

ಜ್ಯೋತಿಲಕ್ಷ್ಮಿ ಅದನ್ನು ಇಂಗ್ಲಿಷಿಗೆ ತಂದಳು. ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು.

"ಅವ್ವ?" ಎಂದಳು ಇಂಗ್ರಿಡ್. ಬಾಲ್ಯದಿಂದ ಅವಳಿಗೆ ಉಳಿದಿದ್ದ ಮಾತು ಅದೊಂದೇ.

"ಅವ್ವ ಪೋಯಿಂದಮ್ಮಾ," ಎಂದಳು ಎರ್ರಮ್ಮ, ಆಕಾಶ ತೋರಿಸಿ.

ಅದಕ್ಕೆ ಅನುವಾದ ಬೇಕಿರಲಿಲ್ಲ. ಇಂಗ್ರಿಡ್ ಜಗುಲಿಯ ಮೇಲೆ ಕೂತುಬಿಟ್ಟಳು. ಇಷ್ಟು ದೂರ ಬಂದು, ಇಷ್ಟು ಹತ್ತಿರ ಬಂದು, ಕೊನೆಗೆ ಬೀಗ. ದುಃಖ ಒತ್ತರಿಸಿಕೊಂಡು ಬಂತು, ಅತ್ತಳು.

"ನನ್ನನ್ನು ಯಾಕೆ ಕೊಟ್ಟರು ಅಂತ ಕೇಳಿ, ಅಕ್ಕ."

ಜ್ಯೋತಿಲಕ್ಷ್ಮಿ ಕೇಳಿದಳು. ಆ ದನಿಗೆ ಎರ್ರಮ್ಮ ತಟ್ಟನೆ ತಲೆಯೆತ್ತಿದಳು.

"ನಿಂದ್ಯಾವೂರಮ್ಮ?" ಎಂದಳು ಕನ್ನಡದಲ್ಲೇ.

"ಚಳ್ಳಕೆರೆ."

"ಅದು ಕೊಟ್ಟ ಮನೆ. ತವರು?"

"ಕೇಳಿದ್ದಕ್ಕೆ ಹೇಳ್ರಿ, ಅಜ್ಜಿ."

ಮುದುಕಿ ಬಗ್ಗಿ ಸೆರಗಿನೊಳಗಿನ ಮುಖ ನೋಡಿದಳು. ಆಮೇಲೆ ತೆಲುಗಿನಲ್ಲಿ ಒಂದೇ ಮಾತು ಹೇಳಿದಳು: "ಅದು ಹೆತ್ತವಳಿಗೇ ಗೊತ್ತು."

ಆ ಒಂದು ಮಾತು ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಹತ್ತಾಯಿತು. ದುಭಾಷಿಗಳಿಗೆ ಉಪ್ಪು ಖಾರ ಹಚ್ಚುವ ಚಾಳಿ ಇದ್ದದ್ದೇ. ನಿನ್ನ ತಾಯಿ ತೀರಾ ಚಿಕ್ಕವಳು, ಎಂದಳು ಜ್ಯೋತಿಲಕ್ಷ್ಮಿ. ಗಂಡ ಬಿಟ್ಟು ಹೋಗಿದ್ದ. ತವರಿನಲ್ಲಿ ತಮ್ಮ ತಂಗಿಯರ ಹೊಟ್ಟೆಗೇ ಸಾಲದು. ಕೊಟ್ಟ ದಿನ ನೀನು ಅವಳ ಸೆರಗು ಬಿಡಲೇ ಇಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಆಮೇಲೆ ನೆನೆಯದ ದಿನವಿಲ್ಲ.

"ಇಷ್ಟೆಲ್ಲ ಹೇಳಿದರಾ?"

"ಹೂಂ. ಹೇಳಿದರು."

ಇಂಗ್ರಿಡ್ ಮುದುಕಿಯ ಕೈಗಳನ್ನು ಕಣ್ಣಿಗೊತ್ತಿಕೊಂಡಳು. ಮುಖ ತೊಳೆಯಲು ಓಣಿಯ ತುದಿಯ ನಲ್ಲಿಯತ್ತ ಹೋದಳು.

ಅವಳು ಅತ್ತ ಹೋದದ್ದೇ ತಡ, ಎರ್ರಮ್ಮ ಜ್ಯೋತಿಲಕ್ಷ್ಮಿಯ ಮುಂಗೈ ಹಿಡಿದಳು.

"ನಿಮ್ ಚಳ್ಳಕೆರ್ಯಾಗೆ ಅವ್ವ ಅಂದ್ರೆ ತಾಯಿ ಇರಬೋದು. ನಮ್ ತೆಲುಗು ಮನೆಗಳಾಗೆ ಅವ್ವ ಅಂದ್ರೆ ಅಜ್ಜಿ. ಸತ್ತಿದ್ದು ಅಜ್ಜಿ. ಯಾಕೆ ಹೇಳ್ಲಿಲ್ಲ ಆ ಕೂಸಿಗೆ?"

"ಹೇಳಿದ್ರೆ, ತಾಯಿ ಎಲ್ಲವ್ಳೆ ಅಂತ ಕೇಳ್ತಾಳೆ."

ನಲ್ಲಿಯ ಕಡೆಯಿಂದ ಇಂಗ್ರಿಡ್ ಕೂಗಿದಳು: "ಅಕ್ಕ!"

ಎರ್ರಮ್ಮ ಹಿಡಿದ ಕೈ ಬಿಟ್ಟಳು. "ನಿನ್ ತಮ್ಮ ತಂಗೀರು ಅಕ್ಕ ಅನ್ನೋದ್ ಕೇಳಿ ಕೂಸೂ ನಿನ್ನ ಹಂಗೇ ಕೂಗ್ತಿತ್ತು, ಒಂದಿನಾನೂ ಅಮ್ಮ ಅನ್ನಲಿಲ್ಲ. ಹೋಗೇ, ನಿನ್ ಮಗಳು ಕರೀತೈತೆ."